ನೋಡಲಿಕ್ಕೆಂದು ಹೋದವನು

ಶಕ್ತಿನಗರದಿಂದ ಬಜಪೆ

ನನಗೆ ಅಮೆರಿಕವನ್ನು ನೋಡಬೇಕೆಂಬ ಆಸೆ ಇರಲಿಲ್ಲ. ಅಮೆರಿಕದ ಒಬ್ಬ ಸರ್ಜನ್ ನನ್ನನ್ನು ನೋಡಬೇಕಿತ್ತು. ನೋಡಿ, ಈತ ಪರವಾಗಿಲ್ಲ ಎಂದು ಒಂದು ಪತ್ರ ಬರೆಯಬೇಕಿತ್ತು. ಅಷ್ಟಕ್ಕೇ ಅಷ್ಟು ದೂರ ಹೋದದ್ದು.

ನಾನು ಮಂಗಳೂರಿನಲ್ಲಿ ಎಂಬಿಬಿಎಸ್ ಓದಿದವನು. ಸರ್ಜನ್ ಆಗಬೇಕೆಂದು ಇಲ್ಲಿಯ ಪಿಜಿ ಪ್ರವೇಶ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದೆ. ರ‍್ಯಾಂಕ್ ಬಂತು, ಸರ್ಜರಿ ಸೀಟು ಸಿಗುವಷ್ಟು ಬರಲಿಲ್ಲ. ಆಮೇಲೆ ಊರಿನಲ್ಲೇ, ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರಾಗಿದ್ದುಕೊಂಡು, ಬಿಡುವಿನಲ್ಲಿ ಅಮೆರಿಕದ ಪರೀಕ್ಷೆಗಳನ್ನು ಬರೆದೆ. ಅದರಲ್ಲಿ ಅಂಕ ಚೆನ್ನಾಗಿಯೇ ಬಂತು. ಆದರೆ ಅಲ್ಲಿ ಸರ್ಜರಿ ರೆಸಿಡೆನ್ಸಿ, ಅಂದರೆ ನಮ್ಮ ಪಿಜಿಯಂಥದು, ಹೊರದೇಶದ ಕಾಲೇಜಿನಿಂದ ಬಂದವರಿಗೆ ಬರೀ ಅಂಕದಿಂದ ಸಿಗುವುದಿಲ್ಲ. ಅಲ್ಲಿಯ ಆಸ್ಪತ್ರೆಯಲ್ಲಿ ಕೆಲವು ದಿನ ನಿಂತಿರಬೇಕು. ಅಲ್ಲಿಯ ಸರ್ಜನ್ ಒಬ್ಬರು ‘ಈತನನ್ನು ನಾನು ಕಂಡಿದ್ದೇನೆ’ ಎಂದು ಬರೆದುಕೊಡಬೇಕು. ಇದರ ಮೇಲೆ, ಡಿಗ್ರಿ ಹಳೆಯದಾದಷ್ಟೂ ಅದರ ಬೆಲೆ ಇಳಿಯುತ್ತದೆ, ಬಂದರಿನಲ್ಲಿ ಮಧ್ಯಾಹ್ನದ ನಂತರ ಮೀನಿನ ಬೆಲೆ ಇಳಿದ ಹಾಗೆ. ನನ್ನದು ಆಗಲೇ ಮಧ್ಯಾಹ್ನ ದಾಟಿತ್ತು. ಈ ಸಲ ಆಗದಿದ್ದರೆ ಮುಂದೆ ಅರ್ಜಿ ಹಾಕುವುದೇ ದಂಡ ಎಂದು ತಿಳಿದವರೆಲ್ಲ ಹೇಳಿದ್ದರು.

ಹೊರಡುವ ಮೊದಲೇ ಒಂದು ಮಾತು ಹೇಳಬೇಕು: ನಾನು ಬರೆಯುವುದನ್ನು ಪೂರ್ತಿ ನಂಬಬೇಡಿ. ಸುಳ್ಳು ಹೇಳುತ್ತೇನೆಂದಲ್ಲ. ಶಕ್ತಿನಗರದ ನಮ್ಮ ಮನೆಯಿಂದ ಬಜಪೆಯ ವಿಮಾನ ನಿಲ್ದಾಣಕ್ಕೆ ಹೋಗುವಾಗ ಜೋರು ಬಿಸಿಲಿತ್ತೆಂದು ನನ್ನ ನೆನಪು, ಮಳೆ ಬರುತ್ತಿತ್ತೆಂದು ಅಪ್ಪನ ನೆನಪು. ಇಬ್ಬರೂ ಒಂದೇ ಕಾರಿನಲ್ಲಿದ್ದೆವು. ಆಸ್ಪತ್ರೆಯಲ್ಲಿ ಒಬ್ಬನೇ ರೋಗಿ ಬೆಳಿಗ್ಗೆ ಹೇಳಿದ ಕಥೆಯನ್ನು ಸಂಜೆ ಬೇರೆ ಮಾಡಿ ಹೇಳುವುದನ್ನು ಕೇಳಿ ಕೇಳಿ, ನೆನಪು ಎಂಬುದರ ಮೇಲೆ ನನಗೆ ಮೊದಲಿನಿಂದಲೂ ಸಂಶಯ. ಅದರಲ್ಲಿ ನನ್ನದು ಸೇರುವುದಿಲ್ಲವೆಂದು ಯಾಕೋ ತಿಳಿದುಕೊಂಡಿದ್ದೆ.

ಅಮ್ಮನಿಗೆ ಈ ಪ್ರಯಾಣ ಅರ್ಥವೇ ಆಗಿರಲಿಲ್ಲ. ಮನೆಯಲ್ಲಿ ನಾವು ತುಳು ಮಾತಾಡುವುದು. ಅವಳು ಕೇಳಿದ್ದನ್ನು ಕನ್ನಡದಲ್ಲಿ ಬರೆದರೆ ಹೀಗೆ:

“ಅಲ್ಲಿ ಎಂತ ಕೆಲಸ ಮಗಾ ನಿಂಗೆ?”

“ಕೆಲಸ ಇಲ್ಲ ಅಮ್ಮ. ಆಪರೇಷನ್ ನೋಡ್ಲಿಕ್ಕೆ.”

“ಫಳ್ನೀರಿನಲ್ಲಿ ಆಪರೇಷನ್ ಇಲ್ವಾ?”

ಅಪ್ಪ ಬಹರೈನ್‌ನಲ್ಲಿ ಬಹಳ ವರ್ಷ ಇದ್ದು ಬಂದವರು, ಈಗ ಬಿಜೈಯಲ್ಲಿ ಟಯರ್ ಅಂಗಡಿ ಇಟ್ಟಿದ್ದಾರೆ. ಹೊರದೇಶ ಅಂದರೆ ಅವರ ಲೆಕ್ಕದಲ್ಲಿ ದುಡಿಯಲಿಕ್ಕೆ ಹೋಗುವ ಜಾಗ. ಕೈಯಿಂದ ದುಡ್ಡು ಹಾಕಿ, ಸುಮ್ಮನೆ ನಿಂತು ನೋಡಿ ಬರುವುದಕ್ಕೆ ಹೊರಟ ಮಗನಿಗೆ ಏನು ಬುದ್ಧಿ ಹೇಳಬೇಕೆಂದು ಅವರಿಗೆ ತೋಚಲಿಲ್ಲ. “ಪಾಸ್‌ಪೋರ್ಟ್ ಎದುರಿನ ಕಿಸೆಯಲ್ಲಿಡು” ಎಂದಷ್ಟೇ ಹೇಳಿದರು.

ದುಬೈವರೆಗಿನ ವಿಮಾನದಲ್ಲಿ ನನ್ನ ಪಕ್ಕ ಕೂತದ್ದು ಮೂಲ್ಕಿ ಕಡೆಯ ಒಬ್ಬರು, ಶಾರ್ಜಾದಲ್ಲಿ ಸೂಪರ್‌ವೈಸರ್. ನಾನು ಡಾಕ್ಟರೆಂದು ಗೊತ್ತಾದದ್ದೇ ಮೊಬೈಲ್ ತೆಗೆದು ಸಕ್ಕರೆ ಕಾಯಿಲೆಯ ರಿಪೋರ್ಟ್ ತೋರಿಸಿದರು. ನಾನು ಓದಿ, ಅನ್ನ ಕಡಿಮೆ ಮಾಡಿ ಎಂದೆ. ಅವರು ನನ್ನ ಕಥೆ ಕೇಳಿ, ಮೊಬೈಲನ್ನು ಕಿಸೆಗೆ ಹಾಕಿಕೊಂಡರು.

“ನಿಮ್ಗೆ ಬೇಸರ ಆಗ್ಬಾರ್ದು ಡಾಕ್ಟ್ರೇ,” ಎಂದರು. “ನಮ್ಮಲ್ಲಿ ಕ್ರೇನ್ ಆಪರೇಟರ್ ಕೂಡಾ ಬಂದ ದಿನವೇ ಕ್ರೇನ್ ಹತ್ತುತ್ತಾನೆ ಮಾರ್ರೆ.”

ಡೆಟ್ರಾಯಿಟ್

ವಲಸೆ ಅಧಿಕಾರಿ ನನಗಿಂತ ಸುಸ್ತಾಗಿದ್ದ. ನನ್ನ ಕಾಗದಗಳನ್ನು ತಿರುಗಿಸುತ್ತಾ ಕೇಳಿದ:

“ಇಲ್ಲಿ ಕೆಲಸ ಮಾಡುತ್ತೀರಾ?”

“ಇಲ್ಲ.”

“ರೋಗಿಗಳನ್ನು ಮುಟ್ಟುತ್ತೀರಾ?”

“ಇಲ್ಲ.”

“ಹಾಗಾದರೆ ಏನು ಮಾಡುತ್ತೀರಿ?”

“ನೋಡುತ್ತೇನೆ.”

“ಇಡೀ ತಿಂಗಳು?”

“ಇಡೀ ತಿಂಗಳು.”

ಅವನು ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದ. ಆಮೇಲೆ ಮುದ್ರೆ ಒತ್ತಿದ.

ಮುಂದಿನ ಅಧಿಕಾರಿಣಿ ಚೀಲ ಬಿಡಿಸಿದಳು. ಅದರಲ್ಲಿ ಒಣ ಸಿಗಡಿಯ ಚಟ್ನಿ ಪುಡಿ ಇತ್ತು, ರಫೀಕ್‌ನ ತಾಯಿ ಕಳಿಸಿದ್ದು. ರಫೀಕ್ ನನ್ನ ಕಾಲೇಜಿನ ಗೆಳೆಯ. ಫಳ್ನೀರಿನಲ್ಲಿ ಅವನ ತಂದೆಯ ಬಟ್ಟೆ ಅಂಗಡಿ ಇದೆ. ಅವನು ಒಹಾಯೋದ ಒಂದು ಸಣ್ಣ ಊರಿನಲ್ಲಿ ಮೆಡಿಸಿನ್ ರೆಸಿಡೆನ್ಸಿ ಮಾಡುತ್ತಿದ್ದ, ನನಗೆ ಈ ಒಂದು ತಿಂಗಳ ವ್ಯವಸ್ಥೆ ಮಾಡಿಕೊಟ್ಟವನೂ ಅವನೇ. ಅವನ ತಾಯಿ ಆ ಡಬ್ಬವನ್ನು ನಾಲ್ಕು ಸುತ್ತು ಪ್ಲಾಸ್ಟಿಕ್‌ನಲ್ಲಿ ಕಟ್ಟಿದ್ದರು. ಅಧಿಕಾರಿಣಿ ನಾಲ್ಕನ್ನೂ ಬಿಚ್ಚಿದಳು. ನಮ್ಮ ಬಂದರಿನ ವಾಸನೆ ಆ ಹಜಾರದಲ್ಲಿ ಹರಡಿತು. ಹಿಂದಿನ ಸಾಲಿನ ಮಗುವೊಂದು ಅಳಲು ಶುರುಮಾಡಿತು. ಇದು ಏನು ಎಂದು ಕೇಳಿದಳು. ಗೆಳೆಯನ ತಾಯಿ ಎಂದೆ. ಪ್ರಶ್ನೆ ಬೇರೆಯದಿತ್ತು, ನನ್ನ ತಲೆ ಓಡುತ್ತಿರಲಿಲ್ಲ. ಕೊನೆಗೆ ಅವಳೇ ಮುಚ್ಚಳ ಹಾಕಿ, ಬೇಗ ತೆಗೆದುಕೊಂಡು ಹೋಗು ಎಂಬಂತೆ ಕೈ ಬೀಸಿದಳು.

ಹೊರಗೆ ರಫೀಕ್ ನಿಂತಿದ್ದ. ದಪ್ಪವಾಗಿದ್ದ. ಹೇಗಿದ್ದೀ ಎಂದೂ ಕೇಳಲಿಲ್ಲ.

“ಸಿಗಡಿ ಬಂತಾ?”

“ಬಂತು.”

“ಹಾಗಾದ್ರೆ ನೀನೂ ಬಾ.”

ಒಹಾಯೋದ ದಾರಿಯುದ್ದಕ್ಕೂ ಅವನೇ ಮಾತಾಡಿದ. ಹೊಲಗಳು ಸಪಾಟಾಗಿದ್ದವು, ಕಣ್ಣಿಗೆ ತಡೆಯೆಂಬುದೇ ಇಲ್ಲ. ನಮ್ಮ ಕಡೆ ಪ್ರತಿ ತಿರುವಿನಲ್ಲೂ ಒಂದು ಗುಡ್ಡವೋ ಗೋಡೆಯೋ ಬಂದು ನಿಲ್ಲುತ್ತದೆ. ಇಲ್ಲಿ ದಿಗಂತದವರೆಗೂ ಕಾಣುತ್ತಿತ್ತು, ನೋಡುವಂಥದು ಏನೂ ಇರಲಿಲ್ಲ.

“ಸರ್ಜರಿ ನಮ್ಮಂಥವರಿಗೆ ಅಲ್ಲ ಮಾರಾಯ ಸುಧೀ,” ಎಂದ ರಫೀಕ್. “ಮೆಡಿಸಿನ್‌ಗೆ ಹಾಕು, ಇವತ್ತೇ ಸಿಗ್ತದೆ. ಸರ್ಜರಿಯೇ ಆಗ್ಬೇಕಾದ್ರೆ ಒಂದು ಕೇಳು. ಅಲ್ಲಿ ಸುಮ್ನೆ ನಿಲ್ಬೇಡ. ಊರಿನಲ್ಲಿ ಸುಮ್ನೆ ನಿಂತ್ರೆ ಒಳ್ಳೆ ಹುಡುಗ ಅಂತಾರೆ, ಇಲ್ಲಿ ಗೋಡೆ ಅಂತ ತಿಳ್ಕೊಳ್ತಾರೆ. ಪ್ರಶ್ನೆ ಕೇಳು. ಮುಖ ನೆನಪಿರ್ಬೇಕು ಅವರಿಗೆ. ಪತ್ರ ಅವರು ಬರೀಬೇಕಲ್ಲ?”

ಡೋರಿಸ್ ಅವರ ಮನೆ

ರಫೀಕ್‌ನ ಮನೆಯಲ್ಲಿ ಹೆಂಡತಿ, ಪುಟ್ಟ ಮಗು, ಒಂದೇ ಕೋಣೆ. ಅದಕ್ಕೆ ಆಸ್ಪತ್ರೆಯ ಹತ್ತಿರ ಡೋರಿಸ್ ಎಂಬ ನಿವೃತ್ತ ಶಿಕ್ಷಕಿಯ ಮನೆಯಲ್ಲಿ ನನಗೊಂದು ಕೋಣೆ ಹಿಡಿದಿದ್ದ. ಡೋರಿಸ್ ಒಬ್ಬರೇ ಇದ್ದರು. ಟಿವಿಯಲ್ಲಿ ಹವಾಮಾನದ ಕಾರ್ಯಕ್ರಮ ಮಾತ್ರ ನೋಡುತ್ತಿದ್ದರು, ಅದೂ ಬೇರೆ ಬೇರೆ ಊರುಗಳದ್ದು. ಮಂಗಳೂರಿನದನ್ನೂ ಹುಡುಕಿ, “ನಿಮ್ಮಲ್ಲಿ ಇವತ್ತೂ ಮಳೆ” ಎಂದು ಬೆಳಿಗ್ಗೆ ನನಗೆ ವರದಿ ಮಾಡುತ್ತಿದ್ದರು.

ಮೊದಲ ಸಂಜೆ ನಾನು ಬಾಗಿಲು ದಾಟಿ ಒಳಗೆ ಬಂದಾಗ ಅವರು ಮೇಜಿನ ಮೇಲೆ ಏನೋ ಬಿಸಿಬಿಸಿ ಇಟ್ಟುಕೊಂಡಿದ್ದರು. ಕೋಳಿ, ಆಲೂಗಡ್ಡೆ. ಊಟ ಆಯಿತೇ ಎಂದು ಕೇಳಿದರು. ಆಯಿತು ಎಂದೆ. ಆಗಿರಲಿಲ್ಲ. ವಿಮಾನದ ಒಂದು ಬನ್ನಿನ ಮೇಲೆ ನಿಂತಿದ್ದೆ. ಆದರೆ ಯಾರಾದರೂ ಊಟ ಆಯ್ತಾ ಎಂದರೆ ಆಯ್ತು ಎನ್ನುವುದು ನಮ್ಮ ಪದ್ಧತಿ. ಅವರು “ಸ್ವಲ್ಪ ಕೂತುಕೊಳ್ಳಿ ಮಾರಾಯ್ರೇ” ಎನ್ನಬೇಕು, ನಾವು “ಬೇಡ ಬೇಡ” ಎನ್ನಬೇಕು, ಅಷ್ಟರಲ್ಲಿ ತಟ್ಟೆ ಬಂದಿರಬೇಕು. ಡೋರಿಸ್ “ಒಳ್ಳೆಯದು” ಎಂದು ಹೇಳಿ, ಉಳಿದದ್ದನ್ನು ಡಬ್ಬಕ್ಕೆ ಹಾಕಿ ಫ್ರಿಜ್‌ನಲ್ಲಿಟ್ಟರು. ನಾನು ಕೋಣೆಗೆ ಹೋಗಿ, ಅಮ್ಮ ಕೊಟ್ಟ ಚಕ್ಕುಲಿ ತಿಂದು ಮಲಗಿದೆ.

ರಫೀಕ್‌ಗೆ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಇದು ಊಟಕ್ಕೆ ಮಾತ್ರ ಸಂಬಂಧಪಟ್ಟದ್ದು ಎಂದುಕೊಂಡಿದ್ದೆವು, ಇಬ್ಬರೂ.

ಆಸ್ಪತ್ರೆ

ನನ್ನ ಕೊರಳಿಗೆ ಹಳದಿ ಪಟ್ಟಿಯ ಒಂದು ಕಾರ್ಡು ಹಾಕಿದರು. ಹಳದಿ ಅಂದರೆ ವೀಕ್ಷಕ. ರೋಗಿಯನ್ನು ಮುಟ್ಟುವಂತಿಲ್ಲ, ಕೇಸ್ ಶೀಟಿನಲ್ಲಿ ಬರೆಯುವಂತಿಲ್ಲ, ಔಷಧ ಹೇಳುವಂತಿಲ್ಲ. ಫಳ್ನೀರಿನಲ್ಲಿ ನಾನು ಬೆಳಿಗ್ಗೆ ಹೋದರೆ ಸಂಜೆಯೊಳಗೆ ಎಷ್ಟೋ ಗಾಯಗಳಿಗೆ ಹೊಲಿಗೆ ಹಾಕಿರುತ್ತಿದ್ದೆ. ಇಲ್ಲಿ ಮುದುಕಿಯೊಬ್ಬಳ ಕನ್ನಡಕ ಹಾಸಿಗೆಯಿಂದ ಬಿದ್ದರೆ, ಎತ್ತಿಕೊಡಬಹುದೇ ಎಂದು ಯೋಚಿಸಿದೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವುದು ಎಷ್ಟು ಆಯಾಸದ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ದಿನದ ಕೊನೆಗೆ ಭುಜ ನೋಯುತ್ತಿತ್ತು.

ನಾನು ನಿಲ್ಲಬೇಕಾದದ್ದು ಡಾಕ್ಟರ್ ಕೆಲ್ಲರ್ ಅವರ ಹಿಂದೆ. ಐವತ್ತು ದಾಟಿದ ಹೆಂಗಸು, ಎತ್ತರ, ಅಗಲ ಬೆನ್ನು. ಕುತ್ತಿಗೆಯ ಶಸ್ತ್ರಚಿಕಿತ್ಸೆಯಲ್ಲಿ ಆ ಊರಿಗೇ ಹೆಸರಾದವರು. ಮೊದಲ ದಿನವೇ ತನ್ನನ್ನು ರೂತ್ ಎಂದು ಕರೆಯಬೇಕೆಂದರು. ನನ್ನ ಬಾಯಿಗೆ ಬರಲಿಲ್ಲ. ಊರಿನಲ್ಲಿ ನಮ್ಮ ದೊಡ್ಡ ಡಾಕ್ಟ್ರು ಕೋಣೆಗೆ ಬಂದರೆ ನಾವು ಕುಳಿತ ಕುರ್ಚಿಯೂ ಎದ್ದು ನಿಲ್ಲುತ್ತದೆ. ರೂತ್ ಎನ್ನಲಾರದೆ, ಡಾಕ್ಟರ್ ಕೆಲ್ಲರ್ ಎಂದರೆ ಅವರಿಗೆ ಬೇಸರವೇನೋ ಎಂದು, ಇಡೀ ಮೊದಲ ವಾರ ಅವರನ್ನು ಏನೆಂದೂ ಕರೆಯಲಿಲ್ಲ. ಎದುರಿಗೆ ಹೋಗಿ ನಿಂತು, ಅವರು ನನ್ನ ಕಡೆ ತಿರುಗುವವರೆಗೆ ಕಾಯುತ್ತಿದ್ದೆ.

ನನಗೆ ಬೆರಗೆನಿಸಿದ್ದು ಇನ್ನೊಂದು. ಪ್ರತಿ ರೋಗಿಯ ಹತ್ತಿರವೂ ಅವರು ನನ್ನ ಬಗ್ಗೆ ಅನುಮತಿ ಕೇಳುತ್ತಿದ್ದರು. “ಇವರು ಭಾರತದಿಂದ ಬಂದ ಡಾಕ್ಟರ್. ಇವರು ನೋಡಬಹುದೇ?” ಎಂದು. ನಮ್ಮಲ್ಲಿ ಒಬ್ಬ ರೋಗಿಯ ಸುತ್ತ ಹದಿನೈದು ವಿದ್ಯಾರ್ಥಿಗಳು ನಿಂತು ಹೊಟ್ಟೆ ಒತ್ತುವಾಗ ಯಾರು ಯಾರನ್ನು ಕೇಳುತ್ತಾರೆ? ಹರ್ನಿಯಾದ ಒಬ್ಬ ಮುದಿ ರೈತ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಷ್ಟು ದೂರದಿಂದ ಇದನ್ನು ನೋಡಲು ಬಂದಿದ್ದಾನೆಯೇ? ಪಾಪ, ನೋಡಲಿ” ಎಂದ.

ಕುತ್ತಿಗೆಯ ಆಪರೇಷನ್

ಎರಡನೆಯ ವಾರವಿರಬೇಕು. ರೋಗಿ ಚರ್ಚಿನಲ್ಲಿ ಹಾಡುವ ಹೆಂಗಸು. ಥೈರಾಯ್ಡ್ ಗ್ರಂಥಿಯ ಬಲಭಾಗ ತೆಗೆಯಬೇಕಿತ್ತು. ಈ ಶಸ್ತ್ರಚಿಕಿತ್ಸೆಯಲ್ಲಿ ಭಯವೆಲ್ಲ ಒಂದು ನರದ ಮೇಲೆ. ದಾರದಷ್ಟು ಸಣ್ಣದು, ಧ್ವನಿಯನ್ನು ಆಡಿಸುವುದು. ಅದು ಕುತ್ತಿಗೆಯಿಂದ ಎದೆಯವರೆಗೆ ಇಳಿದು, ಒಂದು ರಕ್ತನಾಳವನ್ನು ಸುತ್ತಿ, ಮತ್ತೆ ಮೇಲಕ್ಕೆ ಬರುತ್ತದೆ. ಶ್ವಾಸನಾಳ ಅನ್ನನಾಳಗಳ ನಡುವಿನ ಸಂದಿನಲ್ಲಿ ಸಿಗುತ್ತದೆ. ಅದಕ್ಕೆ ಪೆಟ್ಟಾದರೆ ಆಕೆ ಇನ್ನು ಹಾಡುವಂತಿಲ್ಲ. ಇದನ್ನು ನಾನು ಕಾಲೇಜಿನಲ್ಲಿ ಚಿತ್ರ ಬರೆದು ಬಾಯಿಪಾಠ ಮಾಡಿದವನು.

ಗಾಯ ಅಂಗೈಗಿಂತ ಚಿಕ್ಕದು. ಒಂದು ಬದಿಗೆ ಕೆಲ್ಲರ್, ಎದುರಿಗೆ ಅವರ ರೆಸಿಡೆಂಟ್, ಇನ್ನೊಬ್ಬ ಸಹಾಯಕ. ನಾನು ಕೆಲ್ಲರ್ ಅವರ ಹಿಂದೆ. ನಡುವಿನಲ್ಲಿ ಅವರು ಕೈ ನಿಲ್ಲಿಸಿದರು. ರೆಸಿಡೆಂಟ್‌ಗೆ ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಆಮೇಲೆ ತಲೆ ತಿರುಗಿಸದೆ ನನ್ನನ್ನು ಕೇಳಿದರು:

“ನಿನಗೆ ಕಾಣುತ್ತಿದೆಯೇ?”

“ಕಾಣುತ್ತಿದೆ,” ಎಂದೆ.

ಯೋಚಿಸಿ ಹೇಳಿದ್ದಲ್ಲ. ಫಳ್ನೀರಿನಲ್ಲಿ ದೊಡ್ಡ ಡಾಕ್ಟ್ರು “ಕಾಣ್ತದಾ?” ಎಂದು ಕೇಳಿದರೆ ಅದು ಪ್ರಶ್ನೆಯಲ್ಲ. ಕಾಣುವುದಿಲ್ಲ ಎಂದರೆ ಅವರು ಸರಿಯಬೇಕು, ಸಹಾಯಕ ಸರಿಯಬೇಕು, ಸಿಸ್ಟರ್ ಮುಖ ಊದಿಸಿಕೊಳ್ಳಬೇಕು. ಒಬ್ಬ ಜೂನಿಯರಿಗಾಗಿ ಅಷ್ಟು ಜನ ಸರಿಯುವುದುಂಟೇ? ಅದಕ್ಕೆ ಉತ್ತರ ಒಂದೇ: “ಕಾಣ್ತದೆ ಸರ್.”

ಮಧ್ಯಾಹ್ನ ಕಾಫಿ ಯಂತ್ರದ ಹತ್ತಿರ ಕೆಲ್ಲರ್ ಸಿಕ್ಕಿದರು. ಕಾಫಿಯೋ ಚಹಾವೋ, ರಫೀಕ್ ಪ್ರಕಾರ ಅಲ್ಲಿ ಎರಡೂ ಬಿಸಿನೀರೇ. ಅವರು ಖುಷಿಯಲ್ಲಿದ್ದರು.

“ಹೇಳು, ಬೆಳಿಗ್ಗೆ ಏನು ಕಂಡೆ?”

ಇದೇ ನನ್ನ ಅವಕಾಶ ಎಂದುಕೊಂಡೆ. ಮುಖ ನೆನಪಿರಬೇಕು ಎಂದು ರಫೀಕ್ ಹೇಳಿದ್ದನಲ್ಲ. ನಾನು ಹೇಳಿದೆ, ನಿಧಾನವಾಗಿ, ಒಳ್ಳೆಯ ಇಂಗ್ಲಿಷಿನಲ್ಲಿ. ಗ್ರಂಥಿಯನ್ನು ಹೇಗೆ ಮೇಲೆತ್ತಿದಿರಿ, ನರ ಕೆಳಗಿನಿಂದ ಸಂದಿನಲ್ಲಿ ಹೇಗೆ ಏರಿ ಬರುತ್ತಿತ್ತು, ರಕ್ತನಾಳ ಅದನ್ನು ಎಲ್ಲಿ ದಾಟಿತ್ತು. ನರ ಬಿಳಿಯಾಗಿ ಹೊಳೆಯುತ್ತಿತ್ತು ಎಂದೂ ಸೇರಿಸಿದೆ.

ಅವರು ಲೋಟವನ್ನು ಕೆಳಗಿಟ್ಟರು.

“ನೀನು ಒಂದು ಒಳ್ಳೆಯ ಆಪರೇಷನ್ ವಿವರಿಸಿದೆ,” ಎಂದರು. “ನಾನು ಮಾಡಿದ್ದು ಅದಲ್ಲ.”

ಆ ಹೆಂಗಸಿನ ನರ ಎದೆಗೆ ಇಳಿದೇ ಇರಲಿಲ್ಲವಂತೆ. ಕುತ್ತಿಗೆಯ ಪಕ್ಕದಿಂದ ನೇರ ಅಡ್ಡಕ್ಕೆ ಬಂದಿತ್ತು. ಬಹಳ ಅಪರೂಪ. ಅವರ ಇಷ್ಟು ವರ್ಷಗಳಲ್ಲಿ ಕಂಡದ್ದೇ ಕೆಲವು. ಗೊತ್ತಿಲ್ಲದವರು ಅದನ್ನು ರಕ್ತನಾಳವೆಂದು ಕತ್ತರಿಸಿಬಿಡುತ್ತಾರೆ. ನನಗೆ ಅದನ್ನು ತೋರಿಸಲೆಂದೇ ಅವರು ಕೈ ನಿಲ್ಲಿಸಿ ಕೇಳಿದ್ದು.

“ನಿನಗೆ ನಿಜವಾಗಿ ಕಂಡಿತ್ತೇ?”

ಇಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಕಂಡದ್ದು ನೆನಪಿತ್ತು. ಕೆಂಪು ಮಾಂಸದ ನಡುವೆ ಬಿಳಿ ನರ, ಅದರ ಮೇಲೆ ದೀಪದ ಹೊಳಪು, ಎಲ್ಲ. ಇವತ್ತಿಗೂ ಕಣ್ಣು ಮುಚ್ಚಿದರೆ ಬರುತ್ತದೆ. ಹಾಗೆಂದೇ ಹೇಳಿದೆ: “ಕಂಡದ್ದು ನೆನಪಿದೆ.”

ಅವರು ಸಿಟ್ಟಾಗಲಿಲ್ಲ. ಬಾ ಎಂದು ಕರೆದುಕೊಂಡು ಹೋದರು. ಆಪರೇಷನ್ ಕೋಣೆ ಖಾಲಿ ಇತ್ತು, ಒಬ್ಬಳು ನೆಲ ಒರೆಸುತ್ತಿದ್ದಳು. ಕೆಲ್ಲರ್ ಮೇಜಿನ ಪಕ್ಕ ತನ್ನ ಜಾಗದಲ್ಲಿ ಬಾಗಿ ನಿಂತರು. ನಾನು ಬೆಳಿಗ್ಗೆ ನಿಂತ ಜಾಗದಲ್ಲಿ ನಿಂತೆ.

“ಏನು ಕಾಣುತ್ತದೆ?”

“ನಿಮ್ಮ ಬೆನ್ನು.”

“ಮತ್ತೆ?”

“ಅಷ್ಟೇ.”

ನೆಲ ಒರೆಸುವವಳು ನಮ್ಮಿಬ್ಬರನ್ನೂ ನೋಡಿ, ಬಕೆಟ್ ಎತ್ತಿಕೊಂಡು ಆಚೆ ಬದಿಗೆ ಹೋದಳು. ಕೆಲ್ಲರ್ ನೆಟ್ಟಗಾದರು. “ನಾಳೆ ಬೆಳಿಗ್ಗೆ ಸಿಗೋಣ” ಎಂದು ಹೊರಟರು.

ರಫೀಕ್‌ನ ಅಡುಗೆಮನೆ

“ಕಾಣ್ತದೆ ಅಂದದ್ದು ತಪ್ಪಲ್ಲ,” ಎಂದ ರಫೀಕ್, ಮಗುವಿಗೆ ಗಂಜಿ ತಿನ್ನಿಸುತ್ತಾ. “ಅದು ಮರ್ಯಾದೆ. ಕಾಣದ್ದನ್ನು ಅಷ್ಟು ಚಂದ ಮಾಡಿ ಹೇಳಿದ್ದು ತಪ್ಪು. ಬಿಳಿ ಹೊಳಪು ಅಂತೆ! ಎಂತಕ್ಕೆ ಬೇಕಿತ್ತು ಮಾರಾಯ ಆ ಹೊಳಪು?”

“ನಂಗೆ ಈಗ್ಲೂ ಕಾಣ್ತದೆ ರಫೀಕ್.”

“ನಿಂಗೆ ಪುಸ್ತಕ ಕಾಣುದು. ಫೈನಲ್ ಇಯರ್ ಪ್ರಾಕ್ಟಿಕಲ್ ನೆನಪುಂಟಾ? ಆ ಅಜ್ಜನ ಲಿವರ್?”

ನೆನಪಿತ್ತು. ನಮ್ಮ ಪರೀಕ್ಷೆಯ ಹಿಂದಿನ ದಿನವೇ ಯಾವ ಹಾಸಿಗೆಯಲ್ಲಿ ಯಾವ ಕಾಯಿಲೆಯ ರೋಗಿ ಎಂದು ಸೀನಿಯರ್‌ಗಳಿಂದ ಎಲ್ಲರಿಗೂ ಗೊತ್ತಾಗುತ್ತಿತ್ತು. ಆ ಅಜ್ಜನ ಯಕೃತ್ತು ಎರಡು ಬೆರಳಿನಷ್ಟು ಊದಿದೆ ಎಂಬುದು ಅವನ ಹೊಟ್ಟೆ ಮುಟ್ಟುವ ಮೊದಲೇ ನಮ್ಮ ಬಾಯಲ್ಲಿತ್ತು. ಪರೀಕ್ಷಕರು ಕೇಳಿದರು, ನಾವೆಲ್ಲ ಎರಡು ಬೆರಳು ಎಂದೆವು.

“ನಂಗೆ ಸಿಕ್ಕಿರ್ಲಿಲ್ಲ,” ಎಂದ ರಫೀಕ್. “ಅಜ್ಜ ಉಸಿರು ಬಿಗಿಹಿಡಿದು ಮಲಗಿದ್ರು. ಕಲ್ಲಿನ ಹಾಗೆ ಹೊಟ್ಟೆ. ಆದ್ರೂ ಎರಡು ಬೆರಳು ಅಂದೆ. ನಿಂಗೆ ಸಿಕ್ಕಿತ್ತಾ?”

“ಸಿಕ್ಕಿತ್ತು,” ಎಂದೆ. ಆ ಯಕೃತ್ತಿನ ಅಂಚು ನನ್ನ ಬೆರಳಿಗೆ ತಾಗಿದ್ದು ಇವತ್ತೂ ನೆನಪಿದೆ, ಈ ನರ ನೆನಪಿದ್ದ ಹಾಗೆಯೇ.

ಮನುಷ್ಯರು ದೇವರನ್ನು ಕಂಡೆವೆಂದರೆ, ಭೂತವನ್ನು ಕಂಡೆವೆಂದರೆ, ನಾನು ಆಧಾರ ಕೇಳುವವನು. ಇದೇ ಕಾರಣಕ್ಕೆ ಸಂಬಂಧಿಕರ ಮನೆಯ ಭೂತಕೋಲಕ್ಕೆ ಹೋದರೂ ಹಿಂದೆ ನಿಲ್ಲುವವನು. ನನ್ನ ಕೈಬೆರಳು ಹೇಳಿದ್ದಕ್ಕೆ ನಾನು ಒಮ್ಮೆಯೂ ಆಧಾರ ಕೇಳಿರಲಿಲ್ಲ.

“ಪತ್ರ ಕೈತಪ್ಪಿ ಹೋಯ್ತು,” ಎಂದೆ.

“ಹೋಯ್ತು ಅಂತ ಹೇಗೆ ಹೇಳ್ತಿ? ಇನ್ನೂ ದಿನ ಉಂಟು. ತಿನ್ನು, ಸಿಗಡಿ ಚಟ್ನಿ ಉಂಟು.”

ಉಳಿದ ದಿನಗಳು

ಮರುದಿನ ಕೆಲ್ಲರ್ ಏನೂ ನಡೆದೇ ಇಲ್ಲವೆಂಬಂತೆ ಬೆಳಗಿನ ಸುತ್ತು ಮುಗಿಸಿದರು. ಎರಡು ದಿನಗಳ ನಂತರ ಇನ್ನೊಂದು ಕುತ್ತಿಗೆ. ನಡುವಿನಲ್ಲಿ ಅದೇ ಪ್ರಶ್ನೆ ಬಂತು.

“ಕಾಣುತ್ತಿದೆಯೇ?”

ಇಷ್ಟು ಸಣ್ಣ ಮಾತಿಗೆ ಇಷ್ಟು ಬೆವರುವುದೇ ಎಂದು ನಿಮಗೆ ಅನ್ನಿಸಬಹುದು.

“ಇಲ್ಲ,” ಎಂದೆ.

ಯಾರೂ ಬೆಚ್ಚಲಿಲ್ಲ. ಒಬ್ಬ ನರ್ಸ್ ಮೂಲೆಯಲ್ಲಿದ್ದ ಕಬ್ಬಿಣದ ಮೆಟ್ಟಿಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು. ನಾನು ಹತ್ತಿ ನಿಂತೆ. ಕೆಲ್ಲರ್ ಭುಜವನ್ನು ಒಂದಿಷ್ಟು ವಾರೆ ಮಾಡಿದರು. ಅವರ ಭುಜದ ಮೇಲಿಂದ ನರ ಕಂಡಿತು. ಬಿಳಿಯಾಗಿ ಹೊಳೆಯುತ್ತಿರಲಿಲ್ಲ. ಮಾಸಲು ಬಣ್ಣ, ತೊಳೆದು ತೊಳೆದು ಹಳತಾದ ಬನಿಯನಿನ ದಾರದ ಹಾಗೆ.

ಅಲ್ಲಿಂದ ಮುಂದೆ ನನ್ನ ದಿನಗಳು ಇನ್ನಷ್ಟು ದಣಿವಿನವಾದವು. ಗೊತ್ತಿಲ್ಲ, ಕಾಣಲಿಲ್ಲ, ಮತ್ತೊಮ್ಮೆ ಹೇಳಿ ಎನ್ನುವುದು ಅಭ್ಯಾಸವಿಲ್ಲದವನಿಗೆ ಗುಡ್ಡ ಹತ್ತಿದಂತೆ. ಕಂಡದ್ದನ್ನು ಸಂಜೆ ಕೆಲ್ಲರ್‌ಗೆ ಹೇಳಬೇಕಿತ್ತು. ಹೇಳುವಾಗ ಒಂದೊಂದು ವಾಕ್ಯಕ್ಕೂ ನಿಂತು, ಇದು ಕಂಡದ್ದೋ ಓದಿದ್ದೋ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಕೆಲವು ಸಂಜೆ ನನ್ನ ವರದಿ ಎರಡೇ ವಾಕ್ಯದಲ್ಲಿ ಮುಗಿಯುತ್ತಿತ್ತು. ಅವರು ತಲೆಯಾಡಿಸಿ ಹೋಗುತ್ತಿದ್ದರು. ಮೆಚ್ಚಿದರೋ ಬಿಟ್ಟರೋ ಗೊತ್ತಾಗುತ್ತಿರಲಿಲ್ಲ.

ಹೊರಡುವ ವಾರ ಧೈರ್ಯ ಮಾಡಿ ಪತ್ರ ಕೇಳಿದೆ. ಅವರು ಕುರ್ಚಿ ತೋರಿಸಿದರು.

“ಎರಡು ಬಗೆಯಲ್ಲಿ ಬರೆಯಬಹುದು. ಒಂದರಲ್ಲಿ, ನೀನು ಸಮಯಕ್ಕೆ ಸರಿಯಾಗಿ ಬರುತ್ತೀ, ವಿನಯವಂತ, ನಿನಗೆ ಒಳ್ಳೆಯದಾಗಲಿ ಎಂದಿರುತ್ತದೆ. ಅದನ್ನು ಓದಿ ಯಾರೂ ನಿನ್ನನ್ನು ಬೇಡವೆನ್ನುವುದಿಲ್ಲ, ಬೇಕೆನ್ನುವುದೂ ಇಲ್ಲ. ಇನ್ನೊಂದರಲ್ಲಿ ನಾನು ಕಂಡದ್ದನ್ನು ಬರೆಯುತ್ತೇನೆ. ಆ ಥೈರಾಯ್ಡ್‌ನ ದಿನವೂ ಇರುತ್ತದೆ, ಆಮೇಲಿನ ದಿನಗಳೂ ಇರುತ್ತವೆ.”

“ನಾನು ಓದಬಹುದೇ?”

“ಇಲ್ಲ. ಓದುವ ಹಕ್ಕನ್ನು ನೀನು ಬಿಟ್ಟುಕೊಡಬೇಕು. ಇಲ್ಲಿ ಹಾಗೆಯೇ. ಓದಿದ ಪತ್ರವನ್ನು ಯಾರೂ ನಂಬುವುದಿಲ್ಲ.”

ನಾಳೆ ಹೇಳುತ್ತೇನೆ ಎಂದೆ.

ರಫೀಕ್ ತಲೆ ಚಚ್ಚಿಕೊಂಡ. “ಇದ್ರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು? ಮೊದಲನೇದು ತಕ್ಕೋ! ‘ಈತ ನೋಡದ್ದನ್ನು ನೋಡಿದೆ ಅಂತಾನೆ’ ಅಂತ ಬರೆಸಿಕೊಂಡು ಸರ್ಜನ್ ಆದವನು ಯಾರುಂಟು ಮಾರಾಯ? ನಿನ್ನ ಕಡೇ ಚಾನ್ಸ್ ಇದು.”

ಅವನ ಮಾತು ಸರಿಯಿತ್ತು. ಡೋರಿಸ್ ಅವರ ಮನೆಗೆ ನಡೆಯುತ್ತಾ ಅದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಮೊದಲನೆಯ ಪತ್ರ ನನ್ನಂಥ ಸಾವಿರ ಜನರ ಬಳಿ ಇರುತ್ತದೆ, ಅದರಿಂದ ಏನೂ ಆಗುವುದಿಲ್ಲ. ಎರಡನೆಯದರಿಂದ ಕೆಟ್ಟದ್ದೇ ಆಗಬಹುದು. ಆದರೆ ಅದರಲ್ಲಿ ಇರುವವನು ನಾನು. ಆ ಆಪರೇಷನ್ ಕೋಣೆಯಲ್ಲಿ ನಾನು ನಿಂತಿದ್ದೆನೆಂಬುದಕ್ಕೆ ಬೇರೆ ಆಧಾರವೇ ಇಲ್ಲ. ನನ್ನ ನೆನಪಂತೂ ಆಧಾರವಲ್ಲವೆಂದು ಆಗಲೇ ಗೊತ್ತಾಗಿತ್ತು.

ಮರುದಿನ ಬೆಳಿಗ್ಗೆ ಕೆಲ್ಲರ್ ಅವರ ಕೋಣೆಯ ಬಾಗಿಲಲ್ಲಿ ನಿಂತು, “ಎರಡನೆಯದು, ರೂತ್,” ಎಂದೆ. ಹೆಸರು ಹೇಗೋ ಬಾಯಿಂದ ಬಂದಿತ್ತು. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ “ಆಗಲಿ” ಎಂದರು.

ಮತ್ತೆ ಶಕ್ತಿನಗರ

ಮರಳಿ ಬಂದ ಮೇಲೆ ಅರ್ಜಿ ಹಾಕಿದೆ, ಎಷ್ಟೋ ಆಸ್ಪತ್ರೆಗಳಿಗೆ. ಹೆಚ್ಚಿನವು ಉತ್ತರವನ್ನೇ ಕೊಡಲಿಲ್ಲ. ಒಂದೇ ಒಂದು ಕಡೆಯಿಂದ ವಿಡಿಯೋ ಸಂದರ್ಶನಕ್ಕೆ ಕರೆ ಬಂತು. ಅವರ ಬೆಳಿಗ್ಗೆ, ನಮ್ಮ ಸಂಜೆ. ನಾನು ಕೋಟು, ಟೈ, ಕೆಳಗೆ ಲುಂಗಿ. ಪಕ್ಕದ ಮನೆಯವರು ಅದೇ ಹೊತ್ತಿಗೆ ಮಿಕ್ಸಿಯಲ್ಲಿ ಮಸಾಲೆ ಅರೆಯಲು ಶುರುಮಾಡಿದರು. ಸಂದರ್ಶಕ ನಿಮ್ಮಲ್ಲಿ ಕಟ್ಟಡದ ಕೆಲಸ ನಡೆಯುತ್ತಿದೆಯೇ ಎಂದು ಕೇಳಿದ. ಮೀನಿನ ಸಾರು ಎಂದೆ. ಆಮೇಲೆ ಅವನು ಹೇಳಿದ: “ಡಾಕ್ಟರ್ ಕೆಲ್ಲರ್ ಅವರ ಪತ್ರ ಓದಿದೆ.” ನಾನು ಕಾದೆ. ಅವನು ಅದರ ಬಗ್ಗೆ ಮುಂದೆ ಏನನ್ನೂ ಕೇಳಲಿಲ್ಲ.

ಮಾರ್ಚ್‌ನಲ್ಲಿ ಆಯ್ಕೆಯ ಫಲಿತಾಂಶ ಬಂತು. ಅದೇ ಆಸ್ಪತ್ರೆ. ಸರ್ಜರಿಯೇ, ಆದರೆ ಐದು ವರ್ಷದ ಪೂರ್ತಿ ಸೀಟಲ್ಲ. ಒಂದು ವರ್ಷದ್ದು. ಒಂದು ವರ್ಷ ದುಡಿಸಿಕೊಳ್ಳುತ್ತಾರೆ, ಆಮೇಲೆ ಉಳಿಸಿಕೊಳ್ಳುತ್ತೇವೆಂಬ ಮಾತಿಲ್ಲ. ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕು.

ರಫೀಕ್ ಫೋನಿನಲ್ಲಿ ಕೂಗಿದ. “ಕಂಡಿಯಾ! ಆ ಪತ್ರವೇ ಕೆಲಸ ಮಾಡಿದ್ದು!”

“ಅಥವಾ ಆ ಪತ್ರದಿಂದಲೇ ಐದು ವರ್ಷದ್ದು ತಪ್ಪಿದ್ದು.”

“ನೀನು ಹುಟ್ಟಿದ್ದೇ ಸಂಶಯದಲ್ಲಿ ಮಾರಾಯ. ಹೋಗ್ತೀಯಾ ಇಲ್ವಾ?”

“ಹೋಗ್ತೇನೆ.”

ಅಪ್ಪ ಅಂಗಡಿಯಿಂದ ಬಂದು ಕೇಳಿ, ಸಂಬಳ ಉಂಟಲ್ಲ ಎಂದು ಖಾತ್ರಿ ಮಾಡಿಕೊಂಡು, ಸ್ನಾನಕ್ಕೆ ಹೋದರು. ಅಮ್ಮ ಅಡುಗೆಮನೆಯ ಮಣೆಯ ಮೇಲೆ ಕುಳಿತು ಬಸಳೆ ಸೋಸುತ್ತಿದ್ದಳು. ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ.

“ಒಂದು ವರ್ಷ ಆದ್ಮೇಲೆ?”

“ಮತ್ತೆ ಪತ್ರ ಬೇಕು. ಅಲ್ಲಿಯ ಡಾಕ್ಟ್ರ ಹತ್ರ ಬರೆಸ್ಬೇಕು.”

“ಅವರಾದ್ರೂ ಎಂತ ಬರ್ದಿದ್ದಾರೆ ಅಂತ ತೋರಿಸ್ತಾರಾ?”

“ಇಲ್ಲ ಅಮ್ಮ. ಅವರೂ ತೋರಿಸುದಿಲ್ಲ.”

ಅಮ್ಮ ಬಸಳೆಯ ಕೊನೆಯ ದಂಟನ್ನು ಮುರಿದು ಪಾತ್ರೆಗೆ ಹಾಕಿದಳು.

“ಹಾಗಾದ್ರೆ ಕೆಲಸವೇ ಸರಿ ಮಾಡ್ಬೇಕಷ್ಟೆ,” ಎಂದು ಹೇಳಿ, ಕುಕ್ಕರ್ ಇಳಿಸಲು ಎದ್ದಳು.